ಎಸೆಯೋಕೆ ಒಬ್ಬರು ಬೇಕು

"ಆಡ್ತಾ ಇದೆಯಾ?" ಎಂದು ಅವನು ಕೂಗಿಯೇಬಿಟ್ಟ.

ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡ. ಬಯಲಿನ ಆ ತುದಿಯಲ್ಲಿ, ಇಟ್ಟಿಗೆಯ ಮೇಲೆ ಕೂರಿಸಿದ್ದ ರಿಮೋಟ್ ವಿಮಾನದ ಪಕ್ಕ ಯಾರೂ ಇರಲಿಲ್ಲ. ಇದ್ದದ್ದು ಅವನದೇ ಚೀಲ, ಚೀಲಕ್ಕೊರಗಿಸಿ ನಿಲ್ಲಿಸಿದ ಫೋನು. ಫೋನಿಗೆ ನೋಡುವುದಕ್ಕೆ ಬರುತ್ತದೆ, ತಿರುಗಿ ಕೂಗುವುದಕ್ಕೆ ಬರುವುದಿಲ್ಲ.

"ಏನು? ನಂಗೇನಾ ಕೇಳಿದ್ದು?" ಎಂದು ಬೇಲಿಯ ಕಡೆಯಿಂದ ವಾಚ್‌ಮನ್ ಕೂಗಿದ.

"ನಿಮಗಲ್ಲ!"

"ಮತ್ಯಾರಿಗೆ?"

ಅವನು ರಿಮೋಟಿನ ಕಡ್ಡಿಯನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸುತ್ತ ಇನ್ನಷ್ಟು ಹಿಂದಕ್ಕೆ ನಡೆದ. ಇದು ಇಬ್ಬರು ಮಾಡುವ ಕೆಲಸ. ರಿಮೋಟಿನ ಶಕ್ತಿಯನ್ನು ಬೇಕಂತಲೇ ಕುಗ್ಗಿಸಿ ಒಬ್ಬ ದೂರ ದೂರ ಹೋಗುತ್ತಾನೆ. ಇನ್ನೊಬ್ಬ ವಿಮಾನದ ಪಕ್ಕ ಕುಕ್ಕರಗಾಲಲ್ಲಿ ಕೂತು, ರೆಕ್ಕೆಯ ಹಿಂಬದಿಯ ಪಟ್ಟಿಗಳು ಆಡುತ್ತಿವೆಯೋ ಇಲ್ಲವೋ ನೋಡಿ ಕೂಗುತ್ತಾನೆ. ಪಿಸುಮಾತು ಇಷ್ಟು ದೂರ ಕೇಳಿಸಿದರೆ, ಹಾರುವಾಗ ಗಟ್ಟಿ ಮಾತು ಆಕಾಶದ ತುದಿಗೂ ಕೇಳಿಸುತ್ತದೆ ಅಂತ ಲೆಕ್ಕ. "ಆಡ್ತಾ ಇದೆಯಾ?" "ಆಡ್ತಿದೆ!" "ಈಗ?" "ಆಡ್ತಿದೆ ಮಾರಾಯ, ನಿನಗಿಂತ ಜಾಸ್ತಿ ಆಡ್ತಿದೆ!" ಹೀಗೆ ಎಷ್ಟು ಭಾನುವಾರ ಈ ಬಯಲು ಅವರಿಬ್ಬರ ಗಂಟಲು ಕೇಳಿತ್ತೋ.

ಸಾಕಷ್ಟು ದೂರ ಹೋಗಿ, ವಾಪಸ್ ಬಂದು, ಚೀಲದ ಪಕ್ಕ ಕೂತು ಫೋನಿನಲ್ಲಿ ತಾನೇ ಹಿಡಿದಿದ್ದ ವಿಡಿಯೋ ನೋಡಿದ. ಪಟ್ಟಿಗಳು ಆಡಿದ್ದವು. ಕೊನೆಯವರೆಗೂ ಆಡಿದ್ದವು. ದೂರದಲ್ಲೊಂದು ಕಡ್ಡಿಯಷ್ಟು ಮನುಷ್ಯ ಹಿಂದಕ್ಕೆ ಹಿಂದಕ್ಕೆ ಹೋಗುತ್ತ, ಯಾರನ್ನೋ ಕೂಗಿದ್ದೂ ಅದರಲ್ಲಿತ್ತು. ಥೂ ಎಂದು ಅದನ್ನು ಅಳಿಸಿ ಹಾಕಿದ.

ಅವನು ದುಡಿಯುತ್ತಿದ್ದ ಟೈರ್ ಅಂಗಡಿಯಲ್ಲಿ ಅವನನ್ನು ಪೈಲಟ್ ಎಂದು ಕರೆಯುತ್ತಿದ್ದರು. ಹೊಗಳಿಕೆಗಲ್ಲ. ಒಮ್ಮೆ ಲಾರಿ ಚಕ್ರದ ನಟ್ಟು ಬಿಗಿಯುತ್ತ ಅವನು ಆಕಾಶ ನೋಡುತ್ತಿದ್ದದ್ದನ್ನು ಕಂಡು ಯಜಮಾನ, "ಪೈಲಟ್ ಸಾಹೇಬ್ರೇ, ಸ್ವಲ್ಪ ಕೆಳಗಿಳೀತೀರಾ?" ಅಂದಿದ್ದ. ಆವತ್ತು ಸ್ಪ್ಯಾನರ್ ನೆಲಕ್ಕೆ ಬಡಿದು ಹೊರಗೆ ಹೋಗಿದ್ದ. ಮಧ್ಯಾಹ್ನ ಹಸಿವಾಗಿ ವಾಪಸ್ ಬಂದಿದ್ದ. ಹೆಸರು ಉಳಿಯಿತು. ಅವನ ಸಿಟ್ಟಿಗೂ ಹಾಗೇ ಒಂದು ಹೆಸರಿತ್ತು ಅಂಗಡಿಯಲ್ಲಿ, ಕಂಪ್ರೆಸರ್ ಅಂತ. ಸುಮ್ಮನಿರುತ್ತೆ, ಸುಮ್ಮನಿರುತ್ತೆ, ಆಮೇಲೆ ಇಡೀ ಶೆಡ್ಡು ನಡುಗುವ ಹಾಗೆ ಶುರುವಾಗುತ್ತೆ.

ವಾಚ್‌ಮನ್ ಬೇಲಿ ಬಿಟ್ಟು ಹತ್ತಿರ ಬಂದಿದ್ದ. ಕಲ್ಲು ನೆಟ್ಟು ಗುರುತು ಮಾಡಿ, ಯಾರೂ ಮನೆ ಕಟ್ಟದೆ ಬಿಟ್ಟ ಸೈಟುಗಳನ್ನು ಕಾಯುವುದು ಅವನ ಕೆಲಸ. ಕದಿಯುವುದಕ್ಕೆ ಹುಲ್ಲು ಬಿಟ್ಟರೆ ಏನೂ ಇಲ್ಲದ ಜಾಗ.

"ತಾತ, ಒಂದು ಸಹಾಯ ಮಾಡ್ತೀರಾ?" ಎಂದ ಪೈಲಟ್. ಬೇಡುವ ದನಿ ಅವನಿಗೆ ಒಗ್ಗದು. ಜಗಳಕ್ಕೆ ಕರೆದ ಹಾಗೆ ಕೇಳಿಸಿತು. "ಇದನ್ನ ಹಿಂಗೆ ಹಿಡ್ಕೊಂಡು, ನಾನು ಹೇಳ್ದಾಗ ಜೋರಾಗಿ ಮುಂದಕ್ಕೆ ಎಸೀಬೇಕು. ಅಷ್ಟೇ."

"ಎಸೆಯೋಕೆ ನಾನ್ಯಾಕೆ? ನಿಂಗೆ ಕೈ ಇಲ್ವಾ?"

"ನನ್ನ ಕೈ ರಿಮೋಟಿನ ಮೇಲಿರಬೇಕಲ್ಲ."

ಮುದುಕ ಬಗ್ಗಿ ವಿಮಾನ ನೋಡಿದ. ಕೇಸರಿ ಬಣ್ಣದ ಮೋಟು ರೆಕ್ಕೆ, ಈಟಿಯಂಥ ಮೂತಿ. ಎಲ್ಲ ವಿಮಾನಕ್ಕೂ ಮುಂದಿದ್ದರೆ ಇದಕ್ಕೆ ಹಿಂದೆ, ಬಾಲದ ಹತ್ತಿರ, ಕಪ್ಪು ಪ್ರೊಪೆಲ್ಲರು.

"ಹಿಂದ್ಗಡೆ ಫ್ಯಾನಿದೆಯಲ್ಲಪ್ಪಾ."

"ಅದು ನೀವು ಕೈ ಬಿಟ್ಟ ಮೇಲೆ ಸುತ್ತೋದು."

"ಅದಕ್ಕೆ ಹೇಳಿದ್ದೀಯಾ, ಕೈ ಬಿಟ್ಟ ಮೇಲೆ ಸುತ್ತು ಅಂತ?" ಎಂದು ಮುದುಕ ತನ್ನ ಬೆರಳುಗಳನ್ನೊಮ್ಮೆ ನೋಡಿಕೊಂಡು ಕೈ ಹಿಂದಕ್ಕೆ ಕಟ್ಟಿಕೊಂಡ. "ನಂಗೆ ಬೇಡಪ್ಪ. ನಿನ್ ಜೊತೆ ಬರ್ತಿದ್ದನಲ್ಲ, ಕನ್ನಡಕದ ಅಂಗಡಿಯವನು. ಬಾಯಿ ಮುಚ್ಚದ ಆಸಾಮಿ. ಅವನೆಲ್ಲಿ?"

"ಬರಲ್ಲ."

"ನಿಮ್ಮಣ್ಣನಾ ಅವನು?"

"ಅಲ್ಲ."

"ಮತ್ತೆ ನಿಂಗೆ ಏನಾಗ್ಬೇಕು?"

ಪೈಲಟ್ ಬ್ಯಾಟರಿಯ ವೈರು ಕಿತ್ತ. ರೆಕ್ಕೆಯ ಸ್ಕ್ರೂ ಬಿಚ್ಚಿದ. ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ತುಂಬಿದ.

"ಏನೂ ಆಗ್ಬೇಕಿಲ್ಲ," ಎಂದ.

*

ಆಗಬೇಕಿತ್ತು, ಹೋದ ವರ್ಷದ ತನಕ. ಅಕ್ಕನ ಗಂಡ, ಭಾವ.

ಅಕ್ಕ ಒಂದು ಬೆಳಿಗ್ಗೆ ಎರಡು ಸೂಟ್‌ಕೇಸು, ಒಂದು ಹೊಲಿಗೆ ಮೆಷಿನ್ನು ಹಿಡಿದುಕೊಂಡು ವಾಪಸ್ ಬಂದಿದ್ದಳು. ಅಮ್ಮ ಅತ್ತಳು. ಅಕ್ಕ ಅಳಲಿಲ್ಲ, ಸ್ನಾನ ಮಾಡಿ ಕೆಲಸಕ್ಕೆ ಹೋದಳು; ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವುದು ಅವಳ ಕೆಲಸ. ಸಂಜೆಯ ಹೊತ್ತಿಗೆ ಮನೆಯಲ್ಲಿ ಒಂದು ಕಾನೂನು ಜಾರಿಯಾಗಿತ್ತು. "ಆ ಮನುಷ್ಯನ ಮಾತು ಈ ಮನೇಲಿ ಯಾರೂ ಎತ್ತಕೂಡ್ದು," ಎಂದಳು ಅಮ್ಮ. ಎಲ್ಲರೂ ಅಕ್ಕನ ಮುಖ ನೋಡಿದರು. ಪೈಲಟ್‌ನ ಮುಖ ನೋಡುವ ಅಗತ್ಯ ಯಾರಿಗೂ ಕಾಣಲಿಲ್ಲ. ಅವನ ಪಾಡಿಗೆ ಅವನು ತನ್ನ ರೂಮು ಅಕ್ಕನಿಗೆ ಬಿಟ್ಟು, ಹಾಸಿಗೆ ಸುತ್ತಿಕೊಂಡು ಪಡಸಾಲೆಗೆ ಬಂದ. ಮೇಜೂ ಸ್ಟೂಲುಗಳೂ ಅವನ ಜೊತೆ ಬಂದವು.

ಓದು ಅರ್ಧಕ್ಕೆ ಬಿಟ್ಟ ವರ್ಷ ಮನೆಗೆ ಬಂದ ನೆಂಟರೆಲ್ಲ "ಮುಂದೇನು?" ಎಂದು ಕೇಳುತ್ತಿದ್ದರು. ಅದೊಂದು ಪ್ರಶ್ನೆ ಕೇಳಿದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಹೊಸದಾಗಿ ಮದುವೆಯಾಗಿ ಬಂದಿದ್ದ ಭಾವ ಮಾತ್ರ ಚೀಲದಿಂದ ಒಂದು ಸಣ್ಣ ಮೋಟಾರು ತೆಗೆದು ಅವನ ಕೈಗಿಟ್ಟು, "ಇದು ಯಾಕೆ ಇಷ್ಟು ಬಿಸಿಯಾಗ್ತಿದೆ ಹೇಳು ನೋಡೋಣ," ಅಂದಿದ್ದ. ಅಷ್ಟೇ. ಆ ಮೋಟಾರಿನ ಬಿಸಿ ಇಳಿಸುವುದರಲ್ಲಿ ಅವನ ಒಂದು ಬೇಸಿಗೆ ಕಳೆಯಿತು. ಆಮೇಲೆ ಭಾನುವಾರಗಳು ಶುರುವಾದವು.

ಭಾವನಿಗೆ ವಿಮಾನ ಹಾರಿಸಲು ಬರುತ್ತಿರಲಿಲ್ಲ. ಕನ್ನಡಕದ ಗಾಜನ್ನು ಕೂದಲೆಳೆಯಷ್ಟು ತಪ್ಪದೆ ಉಜ್ಜುವ ಕೈ, ರಿಮೋಟು ಹಿಡಿದರೆ ಗಡಗಡ ನಡುಗುತ್ತಿತ್ತು. ಎಷ್ಟು ವಿಮಾನವನ್ನು ಅವನು ನೆಲಕ್ಕೆ ನೆಟ್ಟಿದ್ದನೋ. "ನಾನು ಬಿತ್ತನೆ ಮಾಡ್ತೀನಿ, ನೀನು ಹಾರ್ಸು," ಎನ್ನುತ್ತಿದ್ದ. ಹಾಗಾಗಿ ಎಸೆಯುವವನು ಭಾವ, ಹಾರಿಸುವವನು ಬಾಮೈದ. ಎಸೆದು ಬಿಟ್ಟ ಮೇಲೆ ಓಡಿ ಬಂದು ಅವನ ಬೆನ್ನ ಹಿಂದೆ ನಿಂತು, ಎಡಗಡೆ ಹದ್ದು, ಬಲಗಡೆ ಕಂಬ, ಹಿಂದೆ ಸೂರ್ಯ ಎಂದು ವರದಿ ಒಪ್ಪಿಸುವುದೂ ಭಾವನ ಕೆಲಸ. ಹಾರಿಸುವವನು ಕಣ್ಣು ಮಿಟುಕಿಸಿದರೂ ಸಾಕು, ಇಂಥ ವೇಗದ ವಿಮಾನ ಆಗಲೇ ಇನ್ನೆಲ್ಲೋ ಇರುತ್ತದೆ.

ಈ ಕೇಸರಿ ವಿಮಾನ ಅವರಿಬ್ಬರೂ ಸೇರಿ ಶುರುಮಾಡಿದ ಕೊನೆಯದು. ರೆಕ್ಕೆ ಅಂಟಿಸಿ ಮುಗಿದಿತ್ತು, ಮೋಟಾರು ಕೂರಿಸಿ ಆಗಿತ್ತು. ಅಷ್ಟರಲ್ಲಿ ಸೂಟ್‌ಕೇಸುಗಳು ಮನೆಗೆ ಬಂದವು. ಆಮೇಲಿನದೆಲ್ಲ ಪೈಲಟ್ ಒಬ್ಬನೇ ಮಾಡಿದ. ಪಡಸಾಲೆಯಲ್ಲಿ ಮೇಜು ಹಾಕಿ, ತನ್ನ ಸ್ಟೂಲಿನ ಮೇಲೆ ಕೂತು, ಮೂತಿಯನ್ನು ತನ್ನ ಕಡೆ ಎಳೆದುಕೊಂಡು. ಎದುರಿನ ಸ್ಟೂಲಿನ ಮೇಲೆ ಅಂಟಿನ ಡಬ್ಬ ಇಟ್ಟುಕೊಂಡ. ಎರಡು ಬೆರಳ ತುದಿಯ ಮೇಲೆ ರೆಕ್ಕೆ ಎತ್ತಿ ತೂಕ ನೋಡಿದ, ಬಾಲ ಜಗ್ಗಿತು. ಟೈರ್ ಅಂಗಡಿಯಲ್ಲಿ ಚಕ್ರದ ತೂಕ ಸರಿದೂಗಿಸಲು ಅಂಟಿಸುವ ಸೀಸದ ತುಂಡುಗಳನ್ನು ಒಂದೊಂದೇ ಮೂತಿಯೊಳಗೆ ಅಂಟಿಸುತ್ತ ಬಂದ. ಮೂತಿ ಚೂರು ಕೆಳಗೆ ಬಾಗಿ, ನೀರು ನೋಡುವ ಹಕ್ಕಿಯ ಹಾಗೆ ನಿಂತಾಗ ನಿಲ್ಲಿಸಿದ. ಪಟ್ಟಿಗಳು ಎಷ್ಟು ಆಡಬೇಕೋ ಅಷ್ಟಕ್ಕೇ ಕಟ್ಟು ಹಾಕಿದ. ವೇಗದ ವಿಮಾನಕ್ಕೆ ಒಂದು ಉಗುರಿನ ದಪ್ಪ ಆಡಿದರೂ ಹೆಚ್ಚು. ಕಡ್ಡಿ ಬಲಕ್ಕೆ ತಳ್ಳಿ ಬಲಗಡೆ ನೋಡಿದ, ಎಡಕ್ಕೆ ತಳ್ಳಿ ಎಡಗಡೆ ನೋಡಿದ. ಸರಿಯಿತ್ತು. ಎಲ್ಲ ಸರಿಯಿತ್ತು. ಎಸೆಯುವುದಕ್ಕೆ ಒಬ್ಬರು ಇರಲಿಲ್ಲ.

ಬಯಲಿನಿಂದ ಬಂದ ಸಂಜೆ ಅವನು ಬ್ಯಾಟರಿ ಹಾಕದೆ, ರಿಮೋಟು ಕೊರಳಿಗೆ ನೇತುಹಾಕಿಕೊಂಡು, ರೂಮಿನಲ್ಲಿ ಅಕ್ಕನ ಹಾಸಿಗೆಯ ಮೇಲೆ ವಿಮಾನ ಎಸೆದು ನೋಡುತ್ತಿದ್ದ. ಬಲಗೈ ಎಸೆದು, ಹಿಂದಿರುಗಿ ಕಡ್ಡಿ ಹಿಡಿಯುವಷ್ಟರಲ್ಲಿ ವಿಮಾನ ದಿಂಬಿಗೆ ಮೂತಿ ಚುಚ್ಚಿರುತ್ತಿತ್ತು. ಮತ್ತೆ ಎಸೆದ. ಮತ್ತೆ ದಿಂಬು.

"ನನ್ನ ದಿಂಬಿಗೂ ನಿಂಗೂ ಏನೋ ದ್ವೇಷ?"

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಕೆಲಸದಿಂದ ಈಗಷ್ಟೇ ಬಂದವಳು, ಚಪ್ಪಲಿ ಇನ್ನೂ ಕೈಯಲ್ಲಿತ್ತು.

"ಒಬ್ಬನೇ ಎಸೆಯೋಕಾಗುತ್ತಾ ಅಂತ ನೋಡ್ತಿದ್ದೆ."

"ಆಗುತ್ತಾ?"

"ಇಲ್ಲ."

"ಅವರನ್ನ ಕರಿ."

"ಯಾರನ್ನ?"

"ನಿನ್ನ ಭಾವನ್ನ. ಮತ್ಯಾರನ್ನ?"

ಅವನು ದಿಂಬಿನಿಂದ ವಿಮಾನ ಎತ್ತಿಕೊಂಡ. "ನಿಂಗೆ ಅಷ್ಟು ಅನ್ಯಾಯ ಮಾಡಿದೋರ ಮುಖ ನಾನು ನೋಡಲ್ಲ."

"ಅನ್ಯಾಯ ಅಂತ ನಿಂಗ್ಯಾರು ಹೇಳಿದ್ದು?" ಅಕ್ಕ ಹಾಸಿಗೆಯ ಅಂಚಿನಲ್ಲಿ ಕೂತಳು. "ಬಿಟ್ಟು ಬಂದಿದ್ದು ನಾನು ಕಣೋ. ಅವರು ಹೊಡೀಲಿಲ್ಲ, ಬಡೀಲಿಲ್ಲ. ಕುಡಿಯೋರೂ ಅಲ್ಲ. ಮನೇಲಿ ಇರ್ತಿರ್ಲಿಲ್ಲ, ಅಷ್ಟೇ. ಎದುರಿಗೆ ಕೂತಿದ್ರೂ ಇರ್ತಿರ್ಲಿಲ್ಲ. ಭಾನುವಾರ ಬಯಲಲ್ಲಿ, ಮಿಕ್ಕಿದ ದಿನ ಬರೋ ಭಾನುವಾರದಲ್ಲಿ."

"ಹಾಗಾದ್ರೆ ನನ್ನಿಂದ ಅನ್ನು."

"ನಿನ್ನಿಂದ ಅಲ್ಲ. ವಿಮಾನ ಇಲ್ದೇ ಇದ್ರೆ ಮೀನು ಸಾಕೋರು. ಗಡಿಯಾರ ಬಿಚ್ಚೋರು." ಅವಳು ನಕ್ಕಳು. ಈಚೆಗೆ ಅವಳು ನಗುವುದು ಹೆಚ್ಚಾಗಿತ್ತು, ಅದೂ ಅವನಿಗೆ ಸಿಟ್ಟು ತರಿಸುತ್ತಿತ್ತು. "ನಿಂಗ್ಯಾಕೋ ಇಷ್ಟು ಕೋಪ?"

"ನಿನ್ನ ಪರವಾಗಿ."

"ನನ್ನ ಪರವಾಗಿ ನಾನಿದ್ದೀನಿ. ನೀನು ನಿನ್ನ ಪರವಾಗಿ ಏನಿದೆ ನೋಡ್ಕೋ." ಚಪ್ಪಲಿಯನ್ನು ಮಂಚದ ಕೆಳಗೆ ತಳ್ಳಿದಳು. "ಅವರು ಊರು ಬಿಡ್ತಿದ್ದಾರೆ. ಯಾವುದೋ ದೂರದ ಊರಲ್ಲಿ ಲೆನ್ಸ್ ಕಾರ್ಖಾನೆ ಕೆಲಸವಂತೆ. ಮೊನ್ನೆ ಡೈವೋರ್ಸ್ ಪೇಪರಿಗೆ ಸಹಿ ಹಾಕೋಕೆ ಬಂದಾಗ ಹೇಳಿದ್ರು. ಬರೋ ಭಾನುವಾರ ಮಧ್ಯಾಹ್ನ ಸಾಮಾನಿನ ಗಾಡಿ. ನಿನ್ನ ಕೇಳಿದ್ರು."

"ಏನಂತ?"

"ಕೇಸರಿ ಹಾರಿತಾ ಅಂತ."

*

ಕನ್ನಡಕದ ಅಂಗಡಿಯ ಹಿಂಭಾಗದಲ್ಲಿ, ಗಾಜು ಉಜ್ಜುವ ಚಕ್ರದ ಮುಂದೆ ಭಾವ ಬಾಗಿ ಕೂತಿದ್ದ. ಏಪ್ರನ್ನಿನ ಮೇಲೆಲ್ಲ ಬಿಳಿ ಕೆಸರು. ಪೈಲಟ್ ಎದುರಿಗೆ ಹೋಗಿ ನಿಂತ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜಗಳ ಆಡಿಕೊಂಡು ಬಂದಿದ್ದ. ಒಳ್ಳೊಳ್ಳೆಯ ಬೈಗುಳ ಆರಿಸಿಟ್ಟುಕೊಂಡಿದ್ದ. ಚಕ್ರದ ಸದ್ದು ನಿಂತ ಮೇಲೆ ಒಂದೂ ಬಾಯಿಗೆ ಬರಲಿಲ್ಲ. ಏನಂತ ಕರೆದು ಮಾತು ಶುರುಮಾಡುವುದು ಅನ್ನುವುದೇ ಅವನಿಗೆ ಹೊಳೆಯಲಿಲ್ಲ.

"ಎಸೀಬೇಕಿತ್ತು," ಎಂದ.

ಭಾವ ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸಿ ಅವನನ್ನು ನೋಡಿದ. ಸೊರಗಿದ್ದ. ಗಡ್ಡ ಬಿಟ್ಟಿದ್ದ, ಅದು ಅವನಿಗೆ ಒಪ್ಪುತ್ತಿರಲಿಲ್ಲ.

"ಯಾವಾಗ?"

"ಭಾನುವಾರ ಬೆಳಿಗ್ಗೆ. ಆಗ್ದಿದ್ರೆ ಬೇಡ. ನಂಗೇನೂ ಇಲ್ಲ."

"ಆಗುತ್ತೆ," ಎಂದ ಭಾವ. ಇನ್ನೂ ಏನೋ ಹೇಳುವುದಕ್ಕೆ ಬಾಯಿ ತೆರೆದ. ಅಷ್ಟರಲ್ಲಿ ಪೈಲಟ್ ಬೀದಿಗಿಳಿದಾಗಿತ್ತು.

*

ಭಾನುವಾರ ಬಯಲಿನಲ್ಲಿ ಗಾಳಿ ಸತ್ತು ಬಿದ್ದಿತ್ತು. ಸೊಂಟದೆತ್ತರದ ಹುಲ್ಲು ಅಲ್ಲಾಡದೆ ನಿಂತಿತ್ತು. ಭಾವ ಮೊದಲೇ ಬಂದು ಮೈಲಿಗಲ್ಲಿನಷ್ಟು ದಪ್ಪದ ಒಂದು ಸೈಟುಗಲ್ಲಿನ ಮೇಲೆ ಕೂತಿದ್ದ. ದೂರದಿಂದಲೇ ವಾಚ್‌ಮನ್, "ಬಂದನಲ್ಲಪ್ಪ ನಿಮ್ಮೋನು!" ಎಂದು ಕೂಗಿದ. ಇಬ್ಬರೂ ಅತ್ತ ನೋಡಲಿಲ್ಲ.

ಪೈಲಟ್ ಮಾತಿಲ್ಲದೆ ರೆಕ್ಕೆ ಜೋಡಿಸಿದ. ಬ್ಯಾಟರಿ ಕೂರಿಸಿ ಪಟ್ಟಿ ಎಳೆದು ಬಿಗಿದ. ಭಾವನೂ ಮಾತಾಡಲಿಲ್ಲ, ಅದೇ ಒಂದು ಆಶ್ಚರ್ಯ. ವಿಮಾನವನ್ನು ಕೈಗೆ ಕೊಡಲು ಹೋದಾಗ ಮಾತ್ರ ಕೈ ಚಾಚದೆ, "ಕೆಳಗಿಡು. ಒಂದ್ಸಲ ನೋಡ್ಬಿಡ್ತೀನಿ," ಎಂದ.

"ಎಲ್ಲ ನೋಡಿದ್ದೀನಿ."

"ನೋಡಿರ್ತೀಯ. ಜೋಡ್ಸಿದೋನು ಒಬ್ಬ, ಕೊನೇಗೆ ನೋಡೋನು ಇನ್ನೊಬ್ಬ. ನೀನೇ ಮಾಡಿದ್ದಲ್ವಾ ಆ ರೂಲ್ಸು, ನಾನು ಬ್ಯಾಟರಿ ಪಟ್ಟಿ ಮರೆತಾಗ?"

"ಆಗ ಇಬ್ರಿದ್ರು, ಅದಕ್ಕೆ ರೂಲ್ಸು. ಈಗ ಒಬ್ಬನೇ ನೋಡಿ ಅಭ್ಯಾಸ ಆಗಿದೆ."

ಆ ಏಟು ತಗುಲಿತು. ಆದರೂ ಭಾವ ವಿಮಾನದ ಹಿಂದೆ ಹೋಗಿ, ಮಂಡಿಯೂರಿ ಕೂತ. "ಬಲಕ್ಕೆ ಕೊಡು."

ಹಲ್ಲು ಕಚ್ಚಿಕೊಂಡು ಪೈಲಟ್ ಕಡ್ಡಿಯನ್ನು ಬಲಕ್ಕೆ ತಳ್ಳಿದ.

ಭಾವ ಇನ್ನಷ್ಟು ಬಗ್ಗಿದ. ತಲೆಯನ್ನು ಆ ಕಡೆ ಈ ಕಡೆ ಓರೆ ಮಾಡಿ ನೋಡಿದ. "ಎಡಕ್ಕೆ ಕೊಡು... ಮತ್ತೆ ಬಲಕ್ಕೆ." ಆಮೇಲೆ ಮೆಲ್ಲಗೆ, "ಉಲ್ಟಾ ಇದೆ," ಎಂದ.

"ಏನುಲ್ಟಾ?"

"ಬಲಕ್ಕೆ ಅಂದ್ರೆ ಬಲಗಡೆ ಪಟ್ಟಿ ಮೇಲೇಳ್ಬೇಕು. ಕೆಳಗೆ ಹೋಗ್ತಿದೆ."

"ಸಾಧ್ಯಾನೇ ಇಲ್ಲ! ನಾನು ಹತ್ತು ಸಲ ನೋಡಿದ್ದೀನಿ!" ಕಂಪ್ರೆಸರು ಶುರುವಾಗಿಬಿಟ್ಟಿತು. "ಇಷ್ಟು ದಿನ ಎಲ್ಲೋ ಇದ್ದು ಈಗ ಬಂದು ತಪ್ಪು ಹುಡುಕ್ತೀರಾ? ಒಬ್ಬನೇ ಮಾಡಿದ್ದೀನಿ ಇದನ್ನ! ತೂಕ ನಾನೇ ನೋಡ್ದೆ, ದೂರ ನಾನೇ ನೋಡ್ದೆ, ಫೋನಿಟ್ಕೊಂಡು! ಹುಚ್ಚನ ಹಾಗೆ ಬಯಲಲ್ಲಿ ಒಬ್ಬನೇ ಕೂಗ್ಕೊಂಡು!"

"ಹಿಂದೆ ಬಂದು ನೋಡು."

"ಬೇಕಿಲ್ಲ!"

"ಬಾ, ಮಾರಾಯ."

ಹೋಗಿ ನೋಡಿದ. ಭಾವನ ಪಕ್ಕ ಮಂಡಿಯೂರಿ, ವಿಮಾನದ ಬಾಲದ ಕಡೆಯಿಂದ, ಅದು ಹಾರಿಹೋಗುವ ದಿಕ್ಕಿಗೇ ಮುಖ ಮಾಡಿ. ಕಡ್ಡಿ ಬಲಕ್ಕೆ ತಳ್ಳಿದ. ಬಲ ರೆಕ್ಕೆಯ ಪಟ್ಟಿ ಕೆಳಗೆ ಬಾಗಿತು. ಕೈ ಬಿಟ್ಟ ಮರುಕ್ಷಣ ವಿಮಾನ ಎಡಕ್ಕೆ ಮಗುಚುತ್ತಿತ್ತು. ಅವನು ಸರಿಮಾಡಲು ಹೋದಷ್ಟೂ ಇನ್ನಷ್ಟು ಮಗುಚುತ್ತಿತ್ತು. ಆ ವೇಗಕ್ಕೆ, ಆ ಈಟಿ ಮೂತಿಗೆ ಎದುರಿಗೆ ಯಾರು ಸಿಕ್ಕಿದರೂ ಮುಗಿಯಿತು. ಹೋದ ವಾರ ಮುದುಕ ಒಪ್ಪಿಕೊಂಡು ಎಸೆದಿದ್ದರೆ? ಅವನು ಬೇಲಿಯ ಕಡೆ ತಿರುಗಿ ನೋಡಿದ.

"ಎಲ್ಲಿ ಕೂತು ಜೋಡ್ಸಿದ್ದು?" ಎಂದು ಕೇಳಿದ ಭಾವ.

"ಮೇಜಿನ ಹತ್ರ."

"ಮೂತಿ ಕಡೆಗಾ?"

ಪೈಲಟ್ ಹುಲ್ಲು ನೋಡಿದ. ಎದುರಿಗೆ ಕೂತು ನೋಡಿದರೆ ವಿಮಾನದ ಬಲ ನಮ್ಮ ಎಡ ಅನ್ನುವುದು ಈ ಹುಚ್ಚು ಹಿಡಿದವರಿಗೆ ಮೊದಲ ದಿನವೇ ಹೇಳಿಕೊಡುವ ಪಾಠ. ಬಾಲದ ಕಡೆ ಕೂರು ಅಂತ. ಆದರೆ ಅಷ್ಟು ವರ್ಷವೂ ಬಾಲದ ಕಡೆಯ ಸ್ಟೂಲಿನಲ್ಲಿ ರಿಮೋಟು ಹಿಡಿದು ಕೂರುತ್ತಿದ್ದವನು ಭಾವ. ಮೂತಿ ಹಿಡಿದು, ಸ್ಕ್ರೂ ತಿರುಗಿಸುತ್ತ ಎದುರಿಗೆ ಕೂರುತ್ತಿದ್ದವನು ಇವನು.

"ಅದು ನನ್ನ ಜಾಗ," ಎಂದ.

"ಆ ಕಡೆ ಸ್ಟೂಲು ಖಾಲಿ ಇತ್ತಲ್ಲೋ."

"ಅಂಟಿನ ಡಬ್ಬ ಇಟ್ಟಿದ್ದೆ."

ಭಾವ ಏನೋ ತಮಾಷೆ ಮಾಡಲು ಹೊರಟವನು ಅವನ ಮುಖ ನೋಡಿ ತಡೆದುಕೊಂಡ. ರಿಮೋಟಿಗೆ ಕೈ ಚಾಚಿದ. ಒಂದು ಗುಂಡಿ ಒತ್ತಿದರೆ ತಿರುಗುಮುರುಗಾಗುವ ವಿಷಯ. ಒತ್ತಿ, ಮತ್ತೆ ಬಲಕ್ಕೆ ಎಡಕ್ಕೆ ನೋಡಿ ವಾಪಸ್ ಕೊಟ್ಟ. "ಆಯ್ತು. ಈಗ ಕಿವುಡು ಮಾಡು."

ಅದು ಕೊನೆಯ ಪರೀಕ್ಷೆ. ಭಾವ ವಿಮಾನದ ಹೊಟ್ಟೆ ಗಟ್ಟಿಯಾಗಿ ಹಿಡಿದು ಪ್ರೊಪೆಲ್ಲರನ್ನು ಯಾರ ಕಡೆಗೂ ತಿರುಗಿಸದೆ ನಿಂತ. ಪೈಲಟ್ ಮೋಟಾರನ್ನು ಮೆಲ್ಲಗೆ ಓಡಿಸಿ, ಥಟ್ಟನೆ ರಿಮೋಟ್ ಆರಿಸಿದ. ಆಜ್ಞೆ ಕೇಳಿಸದೇ ಹೋದಾಗ ಮೋಟಾರು ನಿಲ್ಲಬೇಕು. ಕೊನೆಗೆ ಕೇಳಿಸಿಕೊಂಡದ್ದನ್ನೇ ಹಿಡಿದು ಓಡುತ್ತಲೇ ಇದ್ದರೆ ಊರು ದಾಟಿ ಹೋಗಿ ಯಾರ ತಲೆ ಮೇಲೋ ಬೀಳುತ್ತದೆ. ಪ್ರೊಪೆಲ್ಲರು ಒಂದು ಉಸಿರು ತಡೆದು ನಿಂತಿತು.

"ಇದು ಸರಿಯಾಗಿ ಮಾಡಿದ್ದೀಯ," ಎಂದ ಭಾವ.

ರಿಮೋಟು ಮತ್ತೆ ಹೊತ್ತಿಸಿ ಇಬ್ಬರೂ ಬಯಲಿನ ಮಧ್ಯಕ್ಕೆ ನಡೆದರು. ಭಾವ ವಿಮಾನವನ್ನು ತಲೆಯ ಮೇಲೆತ್ತಿ, ಒಂದು ಕಾಲು ಹಿಂದಿಟ್ಟ. ಪೈಲಟ್‌ನ ಹೆಬ್ಬೆರಳುಗಳು ಕಡ್ಡಿಗಳ ಮೇಲೆ ಕೂತವು.

"ಎಸೀರಿ ಭಾವ!"

ಬಾಯಿಗೆ ಬಂದದ್ದೇ ಹಾಗೆ. ಯೋಚಿಸಲು ಹೊತ್ತಿರಲಿಲ್ಲ. ಕೇಸರಿ ಕೈ ಬಿಟ್ಟು ಹುಲ್ಲಿನ ತುದಿಗೆ ಒಮ್ಮೆ ಕುಸಿಯಿತು, ಮೋಟಾರು ಕಿರ್ರೆಂದಿತು, ಆಮೇಲೆ ಯಾರೋ ಬಟ್ಟೆ ಹರಿದಂತೆ ಆಕಾಶ ಸೀಳಿಕೊಂಡು ಮೇಲೆ ಹೋಯಿತು. ಪೈಲಟ್ ಉಸಿರು ಬಿಟ್ಟ. ಬಲಕ್ಕೆ ಕೊಟ್ಟ, ಬಲಕ್ಕೆ ತಿರುಗಿತು. ಭಾವ ಓಡಿ ಬಂದು ಬೆನ್ನ ಹಿಂದೆ ನಿಂತ. ಏದುಸಿರು ಕಿವಿಗೆ ತಾಗುತ್ತಿತ್ತು.

"ಅಯ್ಯೋ ನನ್ನಪ್ಪ, ಏನು ಸ್ಪೀಡೋ ಇದು! ಎಡಗಡೆ ಎರಡು ಹದ್ದು. ಮೇಲಿವೆ, ಪರವಾಗಿಲ್ಲ. ಅವಕ್ಕೂ ಗಾಬರಿಯಾಗಿದೆ ನೋಡು. ಮುದುಕ ಬೇಲಿ ಹಿಂದೆ ಬಚ್ಚಿಟ್ಕೊಂಡ!"

ಪೈಲಟ್ ಪೂರ್ತಿ ವೇಗ ಕೊಟ್ಟು ನೆಲದ ಮೇಲಿಂದ ಒಮ್ಮೆ ಹಾಯಿಸಿದ. ಕೇಸರಿ ಗೆರೆಯೊಂದು ಬಯಲನ್ನು ಎರಡು ಮಾಡಿ ಹೋಯಿತು. ಇಬ್ಬರೂ ಒಟ್ಟಿಗೆ ಹೋ ಎಂದರು. ಎರಡನೆಯ ಸಲ ಹಾಯಿಸಿದಾಗಲೂ ಹೋ ಎಂದರು. ಮೂರನೆಯ ಸಲ ಭಾವ ಕೂಗಲಿಲ್ಲ. ಓರೆಗಣ್ಣಿಗೆ, ಅವನು ಕೈ ಎತ್ತಿ ಗಡಿಯಾರ ನೋಡಿಕೊಂಡದ್ದು ಕಂಡಿತು.

ಪೈಲಟ್ ಮೋಟಾರಿನ ವೇಗ ಇಳಿಸಿದ. ಹೀಗೆ ಅವನು ಯಾವತ್ತೂ ಹಾರಿಸಿದವನಲ್ಲ. ಬ್ಯಾಟರಿ ಇರುವಷ್ಟೂ ಒಂದೇ ಉಸಿರಿಗೆ ಹಿಂಡಿ ಖಾಲಿ ಮಾಡುವವನು. ಈಗ ಎತ್ತರದಲ್ಲಿ ದೊಡ್ಡ ದೊಡ್ಡ ಸುತ್ತು ಹಾಕಿಸತೊಡಗಿದ.

"ಅಲ್ಲಿ ಬಯಲಿದೆಯಾ?" ಎಂದು ಕಣ್ಣು ಆಕಾಶದಿಂದ ತೆಗೆಯದೆ ಕೇಳಿದ.

"ಎಲ್ಲಿ?"

"ಹೋಗೋ ಕಡೆ."

"ಕಾರ್ಖಾನೆ ಹಿಂದೆ ಇದೆಯಂತೆ. ನೋಡಿಲ್ಲ."

"ನೋಡ್ಕೊಳ್ಳಿ ಮತ್ತೆ. ಹೈಟೆನ್ಷನ್ ತಂತಿ ಇಲ್ದೇ ಇರೋ ಕಡೆ."

"ನೋಡ್ಕೊಂಡು ಏನ್ಮಾಡ್ಲೋ? ನಂಗೆ ಹಾರ್ಸೋಕೆ ಎಲ್ಲಿ ಬರುತ್ತೆ? ನಾನು ಬರೀ ಎಸೆಯೋನು." ಕತ್ತು ತಿರುಗಿಸಿ ದೂರ ನೋಡಿ, "ಬಲಗಡೆ ಕಂಬ," ಎಂದ.

ಕಂಬ ಬಹಳ ದೂರವಿತ್ತು. ಪೈಲಟ್ ಆದರೂ ಎಡಕ್ಕೆ ತಿರುಗಿಸಿಕೊಂಡ.

"ನಿಮ್ಮಕ್ಕ ಚೆನ್ನಾಗಿದ್ದಾಳಾ?"

"ನಗ್ತಾಳೆ."

"ಒಳ್ಳೇದಾಯ್ತು," ಎಂದ ಭಾವ. ದನಿಯಲ್ಲಿ ವ್ಯಂಗ್ಯವಿರಲಿಲ್ಲ.

ರಿಮೋಟು ಬೀಪ್ ಎಂದಿತು. ಬ್ಯಾಟರಿ ಸಾಕಾಯಿತು, ಇಳಿಸಿ ಅನ್ನುವ ಎಚ್ಚರಿಕೆ.

"ಇಳ್ಸು," ಎಂದ ಭಾವ.

"ಇನ್ನೊಂದು ಸುತ್ತು."

ಆ ಸುತ್ತು ಮುಗಿಯಿತು. ಬೀಪ್ ಸದ್ದು ಹತ್ತಿರ ಹತ್ತಿರವಾಯಿತು. "ಬೇಡ ಕಣೋ, ಬ್ಯಾಟರಿ ಹಾಳಾಗುತ್ತೆ. ಮೇಲೆ ಸತ್ತರೆ ಕಷ್ಟ. ಇಳ್ಸು."

ಪೈಲಟ್ ಮೋಟಾರು ನಿಲ್ಲಿಸಿದ. ಕಿರುಚಾಟವೆಲ್ಲ ಒಮ್ಮೆಗೇ ಕಡಿದು, ಬರೀ ರೆಕ್ಕೆಯ ಮೇಲೆ ಗಾಳಿ ಜಾರುವ ಸುಯ್ ಎಂಬ ಸದ್ದು ಉಳಿಯಿತು. ಅವನು ಮೂತಿಯನ್ನು ತಮ್ಮ ಕಡೆಗೆ ತಿರುಗಿಸಲಿಲ್ಲ. ನೇರವಾಗಿ ಬಿಟ್ಟ. ಕೇಸರಿ ಸೈಟುಗಲ್ಲುಗಳನ್ನು ದಾಟಿ, ಒಣಗಿದ ಕಾಲುವೆಯನ್ನು ದಾಟಿ, ಹುಲ್ಲು ಅತಿ ದಟ್ಟವಾಗಿದ್ದ ಆ ಕೊನೆಯಲ್ಲಿ ಮೆತ್ತಗೆ ಮುಳುಗಿತು.

"ಅಷ್ಟು ದೂರ ಯಾಕೋ ಇಳ್ಸಿದ್ದು? ಇಲ್ಲೇ ಕಾಲ ಹತ್ರ ತರ್ತಿದ್ದೆಯಲ್ಲ ಯಾವಾಗ್ಲೂ?"

"ಗಾಳಿ ತಳ್ತು," ಎಂದ ಪೈಲಟ್.

ಭಾವ ಅವನ ಮುಖ ನೋಡಿದ. ಆಮೇಲೆ ಪ್ಯಾಂಟಿನ ಕಾಲು ಮಡಚಿಕೊಂಡು, "ನಡಿ ಹುಡುಕೋಣ," ಎಂದ.

ಇಬ್ಬರೂ ಹುಲ್ಲಿನೊಳಗೆ ಇಳಿದರು. ಮುಳ್ಳುಬೀಜಗಳು ಬಟ್ಟೆಗೆ ಅಂಟಿಕೊಳ್ಳುತ್ತಿದ್ದವು. ಭಾವ ಮುಂದೆ, ಅವನು ಹಿಂದೆ. ಕಾಲುವೆಯ ಹತ್ತಿರ ಬಂದಾಗ, ದೂರದ ಹುಲ್ಲಿನ ನಡುವೆ ಕೇಸರಿ ರೆಕ್ಕೆಯ ಒಂದು ತುದಿ ಪೈಲಟ್‌ಗೆ ಕಾಣಿಸಿತು. ಅವನು ಏನೂ ಹೇಳಲಿಲ್ಲ. ಭಾವನೂ ಅದೇ ಕಡೆ ನೋಡುತ್ತ ಒಂದು ಗಳಿಗೆ ನಿಂತ. ಆಮೇಲೆ ಎಡಕ್ಕೆ ತಿರುಗಿ, ಹುಲ್ಲನ್ನು ಎರಡೂ ಕೈಯಿಂದ ಸರಿಸುತ್ತ, ಏನೂ ಇಲ್ಲದ ಕಡೆ ಹುಡುಕತೊಡಗಿದ.